ಗುಂಡಿ ಮೇಷ್ಟ್ರು ಸರಿಮಾಡಿದ ಕೋಟು

ಅವರು ಮನುಷ್ಯರ ಮುಖವನ್ನು ಎರಡನೆಯದಾಗಿ ನೋಡುತ್ತಿದ್ದರು. ಮೊದಲು ನೋಡುತ್ತಿದ್ದುದು ಗುಂಡಿಗಳನ್ನು. ಎದುರಿಗೆ ಬಂದವರು ಮಂತ್ರಿಯಿರಲಿ, ಅಂಚೆಯವನಿರಲಿ, ಆಗಷ್ಟೇ ಮದುವೆಯಾದ ನಾದಿನಿಯಿರಲಿ, ಅವರ ದೃಷ್ಟಿ ಕೊರಳ ಕೆಳಗಿನ ಗುಂಡಿಗೆ ಬಿದ್ದು, ಅಲ್ಲಿಂದ ಮೆಟ್ಟಿಲಿಳಿದಂತೆ ಒಂದೊಂದಾಗಿ ಇಳಿದು, ಯಾವುದೂ ಸಡಿಲವಿಲ್ಲ, ಯಾವುದೂ ಬೇರೆ ಜಾತಿಯದಲ್ಲ ಎಂದು ಖಾತ್ರಿಯಾದ ಮೇಲಷ್ಟೇ ನಿಧಾನವಾಗಿ ಮೇಲೇರಿ ಮುಖಕ್ಕೆ ಬಂದು ನಗುತ್ತಿತ್ತು. ಈ ಇಳಿದು ಹತ್ತುವ ಹೊತ್ತಿನಲ್ಲಿ ಎದುರಿನವರು ತಮ್ಮ ಅಂಗಿಗೆ ಏನಾಗಿದೆಯೋ ಎಂದು ಗಾಬರಿಯಾಗಿ ಎದೆ ಸವರಿಕೊಳ್ಳುತ್ತಿದ್ದರು.

ಊರಿನ ಯುದ್ಧ ಸಂಗ್ರಹಾಲಯದಲ್ಲಿ ಸೈನಿಕರ ಉಡುಪುಗಳ ವಿಭಾಗ ಅವರ ಉಸ್ತುವಾರಿಯಲ್ಲಿತ್ತು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಸಿಕ್ಕಸಿಕ್ಕವರನ್ನೆಲ್ಲ ತಿದ್ದುವ ಅವರ ಚಾಳಿಗೆ ಸೋತು ಅಲ್ಲಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅವರನ್ನು ಗುಂಡಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಯಾವುದೋ ಹಾರೈಕೆಯ ಕಾರ್ಡಿಗೆ ಒಮ್ಮೆ ತಾವೇ ಹಾಗೆಂದು ಸಹಿ ಹಾಕಿದ್ದನ್ನು ನಾನು ನೋಡಿದ್ದೇನೆ.

ಅವರ ನಡಿಗೆಯೂ ನೋಡುವಂಥದ್ದು. ಯೌವನದಿಂದ ಮುಪ್ಪಿನವರೆಗೆ ಗಾಜಿನ ಪೆಟ್ಟಿಗೆಗಳ ಇಕ್ಕಟ್ಟಿನಲ್ಲಿ ಓಡಾಡಿದ ಆ ದೇಹ ಬಯಲಿಗೆ ಬಂದರೂ ಬಯಲನ್ನು ನಂಬುತ್ತಿರಲಿಲ್ಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದು ಹೆಗಲನ್ನು ಮುಂದೆ ಮಾಡಿ, ಅಗಲವಾದ ರಸ್ತೆಯ ಎರಡೂ ಕಡೆ ಗಾಜು ನಿಂತಿದೆಯೆಂಬಂತೆ ಓರೆಯಾಗಿ ನಡೆಯುತ್ತಿದ್ದರು. ಬೇಸಿಗೆಯಲ್ಲೂ ಬಿಡದೆ ತೊಡುತ್ತಿದ್ದ ಕಂದು ಕೋಟಿನ ಕಾಲರಿನ ಮಡಿಕೆಯೊಳಗೆ ಎರಡು ಸೂಜಿ, ಒಂದಕ್ಕೆ ಕಪ್ಪು ದಾರ, ಇನ್ನೊಂದಕ್ಕೆ ಬಿಳಿ. ಜೇಬಿನಲ್ಲೊಂದು ಮಾತ್ರೆಯ ಡಬ್ಬಿ, ಅದರ ತುಂಬ ಗುಂಡಿಗಳು. ಮಾತಿನಲ್ಲಿ ಅವರಿಗೊಂದು ಪಲ್ಲವಿಯಿತ್ತು: "ಇರಲಿ. ಆದರೆ ಅದು ಹಾಗಲ್ಲ." ಆ "ಇರಲಿ"ಯನ್ನು ನಂಬಿ ಸಮಾಧಾನಪಟ್ಟವರು ಕೆಟ್ಟರು. ಅವರು ಏನನ್ನೂ ಇರಲು ಬಿಟ್ಟವರಲ್ಲ.

ನನ್ನ ಅವರ ಪರಿಚಯವಾದದ್ದು ಬಸ್ಸಿನಲ್ಲಿ. ನನ್ನ ಕಪ್ಪು ಕೋಟಿನ ಮೂರನೆಯ ಗುಂಡಿ ಬಿದ್ದುಹೋಗಿ, ಅಕ್ಕ ಮನೆಯಲ್ಲಿ ಸಿಕ್ಕಿದ ಹಸಿರು ಗುಂಡಿಯೊಂದನ್ನು ಹೊಲಿದುಕೊಟ್ಟಿದ್ದಳು. ಪಕ್ಕದಲ್ಲಿ ಕೂತ ಅಪರಿಚಿತರು ಅದನ್ನೇ ನೋಡುತ್ತ ಚಡಪಡಿಸಿ, ಕೊನೆಗೆ ತಡೆಯಲಾರದೆ, "ಇರಲಿ. ಆದರೆ ಅದು ಹಾಗಲ್ಲ," ಎಂದು ಸೂಜಿ ತೆಗೆದರು. ಬಸ್ಸು ಕುಲುಕುತ್ತಿದ್ದರೂ ಕೈ ಕುಲುಕಲಿಲ್ಲ. ನಾನು ಇಳಿಯುವ ಹೊತ್ತಿಗೆ ನನ್ನ ಕೋಟಿನ ಗುಂಡಿಗಳೆಲ್ಲ ಒಂದೇ ಬಣ್ಣದವಾಗಿದ್ದವು, ಹಸಿರು ಗುಂಡಿ ನನ್ನ ಅಂಗೈಯಲ್ಲಿತ್ತು. ಅದು ಆಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಕ್ಕ ಕೋಟನ್ನು ನೋಡಿ, "ಓಹೋ, ದರ್ಜಿ ಸಿಕ್ಕಿದನಾ?" ಎಂದು ಕೇಳಿದಳು, ಅಷ್ಟೇ.

ಇಂಥವರಿಗೆ ವಿಡಿಯೊ ಗೇಮಿನ ಸಹವಾಸವಾದದ್ದು ಅವರ ನಿವೃತ್ತಿ ಹತ್ತಿರವಾದಾಗ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮೂರನೆಯ ಮಹಡಿಯಲ್ಲಿ, ಯುದ್ಧದ ಆಟಗಳನ್ನು ತಯಾರಿಸುವ ಕಂಪನಿಯೊಂದಿತ್ತು. ಅವರ ಹಿಂದಿನ ಆಟದಲ್ಲಿ ಇತಿಹಾಸದ ತಪ್ಪುಗಳು ರಾಶಿರಾಶಿಯಾಗಿ ಸಿಕ್ಕಿ, ಆಟಗಾರರೇ ಹಾಡಿ ಹರಸಿದ್ದರಂತೆ. ಹೊಸ ಆಟ ನಮ್ಮ ಹಿರಿಯರ ಕಾಲದ ಯುದ್ಧದ್ದು, ನದೀತೀರದ ಆ ಚಳಿಗಾಲದ ಕಾಳಗದ್ದು. ಈ ಸಲ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಅವರು ಸಂಗ್ರಹಾಲಯದ ಬಾಗಿಲು ತಟ್ಟಿದರು. ನಿರ್ದೇಶಕರು ನಗುತ್ತ ಮೇಷ್ಟ್ರನ್ನು ಅವರ ಕೈಗೊಪ್ಪಿಸಿದರು.

ಆ ಮಹಡಿಯ ಜನರನ್ನು ನೆನೆದರೆ ನನಗೆ ಈಗಲೂ ಅಯ್ಯೋ ಎನಿಸುತ್ತದೆ. ಪರದೆಗಳ ನೀಲಿ ಬೆಳಕಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವರ ಬೆನ್ನ ಹಿಂದೆ ಮೇಷ್ಟ್ರು ಓರೆಯಾಗಿ ಬಂದು ನಿಲ್ಲುವರು. ಸೈನಿಕರ ಬೂಟಿಗೆ ಲಾಡಿ ಬರೆದಿದ್ದರೆ, ಇರಲಿ, ಆದರೆ ಅದು ಹಾಗಲ್ಲ, ಬಕಲ್. ಆಕಾಶದಲ್ಲಿ ಹುಣ್ಣಿಮೆಯಿದ್ದರೆ, ಆ ರಾತ್ರಿ ಚಂದ್ರನೇ ಇರಲಿಲ್ಲ, ಕತ್ತಲನ್ನು ನಂಬಿಯೇ ಅವರು ನದಿ ದಾಟಿದ್ದು. ನಾಯಕನ ಕೈಯಲ್ಲಿದ್ದ ಬಂದೂಕು ತಯಾರಾದದ್ದೇ ಯುದ್ಧ ಮುಗಿದ ಮೇಲೆ. ಹುಟ್ಟದ ಮಗುವಿಗೆ ಮೀಸೆ ಬರೆದ ಹಾಗಾಯಿತಲ್ಲ ಎಂದು ಅವರು ನೊಂದುಕೊಂಡರು. ಗುಂಡೇಟು ತಿಂದ ಸೈನಿಕ ಗೋಡೆಯ ಮರೆಯಲ್ಲಿ ಒಂದಿಷ್ಟು ಹೊತ್ತು ನಿಂತು ಏದುಸಿರು ಬಿಟ್ಟರೆ ಗಾಯ ಮಾಯವಾಗುವುದನ್ನು ಕಂಡ ದಿನವಂತೂ ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಆ ಗೋಡೆ ಎಲ್ಲಿದೆ ಹೇಳಿ, ನಾನೂ ಹೋಗಿ ನಿಲ್ತೀನಿ. ಸೊಂಟ ಹಿಡ್ಕೊಂಡು ಆರು ವರ್ಷ ಆಯ್ತು."

ತಂಡದ ಮುಖ್ಯಸ್ಥೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸದಾ ಪೆನ್ಸಿಲ್ ಕಚ್ಚುವವಳು, ಭೂಮಿತಾಯಿಯಷ್ಟು ಸಹನೆಯವಳು. "ಸರ್, ಗಾಯ ಆದವನನ್ನ ಮೂರು ತಿಂಗಳು ಆಸ್ಪತ್ರೆಲಿ ಮಲಗಿಸಿದ್ರೆ ಆಟ ಆಡೋರು ಯಾರು?" ಎಂದು ಆಕೆ ನಕ್ಕಳು. ಗೋಡೆ ಉಳಿಯಿತು. ಆದರೆ ಬೂಟು, ಚಂದ್ರ, ಬಂದೂಕು ಮೂರರಲ್ಲೂ ಮೇಷ್ಟ್ರು ಗೆದ್ದರು. ಹಾಗೆ ಗೆದ್ದ ದಿನ ಅವರು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಯುದ್ಧವನ್ನೇ ಗೆದ್ದವರಂತೆ ಬೀಗುತ್ತಿದ್ದರು.

ಕೋಟಿನ ಸರದಿ ಬಂದಾಗ ಅವರು ತಮ್ಮ ವಿಭಾಗದ ನಡುವಿನ ಪೆಟ್ಟಿಗೆಯನ್ನೇ ತೆರೆದುಕೊಟ್ಟರು. ನದೀತೀರದಲ್ಲಿ ಕಾದಾಡಿದ ಸಾಮಾನ್ಯ ಸೈನಿಕನೊಬ್ಬನ ಬೂದುಬಣ್ಣದ ಉಣ್ಣೆಯ ಕೋಟು. ಆ ದಳದ ಕೋಟುಗಳಲ್ಲಿ ಉಳಿದಿದ್ದು ಅದೊಂದೇ. ಕಂಪನಿಯವರು ಅದನ್ನು ಮೇಜಿನ ಮೇಲೆ ಹರಡಿ, ಒಳಗೂ ಹೊರಗೂ, ನೂಲು ನೂಲನ್ನೂ ಹಿಡಿಯುವ ಕ್ಯಾಮೆರಾದಿಂದ ಚಿತ್ರ ತೆಗೆದರು. ಅದೇ ಕೋಟು ಆಟದ ಸೈನಿಕರೆಲ್ಲರ ಮೈಮೇಲೆ ಬರಬೇಕಿತ್ತು. ಕೆಲವು ದಿನಗಳ ನಂತರ ಮುಖ್ಯಸ್ಥೆ ಮೇಷ್ಟ್ರನ್ನು ಪರದೆಯ ಮುಂದೆ ಕೂರಿಸಿದಳು. ಪೆಟ್ಟಿಗೆಯಲ್ಲಿದ್ದಾಗ ಯಾರ ಕಣ್ಣಿಗೂ ಬೀಳದ್ದನ್ನು ಕ್ಯಾಮೆರಾ ಕಂಡಿತ್ತು. ಕೋಟಿನ ಬಲ ಅಂಚಿನಲ್ಲಿ, ಗುಂಡಿಗಳ ಬುಡದಲ್ಲಿ, ಹಳೆಯ ಗಾಯದ ಕಲೆಯಂತೆ ಸಣ್ಣಗೆ ಐದು ಅಡ್ಡಗೆರೆಗಳು. ಒಳಗಡೆ ಎಡ ಎದೆಯ ಹತ್ತಿರ, ಸುತ್ತಲಿನ ಬಟ್ಟೆ ಮಾಸಿದ್ದರೂ ತಾನು ಮಾತ್ರ ಮಾಸದೆ ಉಳಿದ ಒಂದು ಚೌಕ.

"ಇವೇನು ಸರ್? ಓಡುವಾಗ ಕೋಟು ತೆರ್ಕೊಂಡ್ರೆ ಕಾಣತ್ತೆ. ಇಟ್ಕೊಳ್ಳೋದಾ?"

ಮೇಷ್ಟ್ರಿಗೆ ಆ ಗೆರೆಗಳು ಚೆನ್ನಾಗಿ ಗೊತ್ತಿದ್ದವು. ಅವನ್ನು ನೋಡಿ ಅವರಿಗೆ ಹೆಮ್ಮೆಯೇ ಆಯಿತೆಂದು ಆಮೇಲೆ ನನ್ನೊಡನೆ ಒಪ್ಪಿಕೊಂಡರು, ಯಾಕೆಂದರೆ ಇಷ್ಟು ವರ್ಷದಲ್ಲಿ ಯಾವ ಮನುಷ್ಯನ ಕಣ್ಣಿಗೂ ಅವು ಸಿಕ್ಕಿರಲಿಲ್ಲ. "ಅದು ಮೂಲದ್ದಲ್ಲ. ಆಮೇಲೆ ಯಾರೋ ಮಾಡಿದ ಕೈಕೆಲಸ. ಅಳಿಸಿಬಿಡಿ," ಎಂದರು. ಅಳಿಸಿದರು.

ಆಟ ಬಂತು, ಹೆಸರು ಮಾಡಿತು. ಉಡುಪುಗಳಲ್ಲಿ ಒಂದು ತಪ್ಪನ್ನೂ ಹುಡುಕಲಾಗದೆ ಆಟಗಾರರು ಸೋತರೆಂದು ಪತ್ರಿಕೆಗಳು ಬರೆದವು. ಸಂಗ್ರಹಾಲಯಕ್ಕೆ ಎಂದೂ ಕಾಲಿಡದ ಯುವಕರು ಗುಂಪು ಗುಂಪಾಗಿ ಬಂದು ಆ ಕೋಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೇಷ್ಟ್ರು ಬಾಗಿಲ ಬಳಿ ನಿಂತು, ಮಗಳ ಮದುವೆಯಲ್ಲಿ ನಿಂತ ತಂದೆಯಂತೆ, ಎಲ್ಲರ ಗುಂಡಿಗಳನ್ನೂ ನೋಡಿ ನಗುತ್ತಿದ್ದರು.

ಅದೇ ದಿನಗಳಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ನಿವೃತ್ತ ದಂತವೈದ್ಯೆ. ಮೇಷ್ಟ್ರು ಆಕೆಯ ಗುಂಡಿಗಳನ್ನು ನೋಡುತ್ತಿದ್ದಾಗ ಆಕೆ ಮೇಷ್ಟ್ರ ಹಲ್ಲುಗಳನ್ನು ನೋಡುತ್ತಿದ್ದರಂತೆ. ಇಬ್ಬರ ದೃಷ್ಟಿಯೂ ಮುಖಕ್ಕೆ ಬಂದು ಸೇರಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿಗೆ ನಾನೂ ಅಲ್ಲಿದ್ದೆ, ಸಂಗ್ರಹಾಲಯದ ಕಿರುಹೊತ್ತಗೆಯೊಂದಕ್ಕೆ ಮುನ್ನುಡಿ ಬರೆಯುವ ನೆವದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ.

"ಆ ಕೋಟು ನಮ್ಮಪ್ಪಂದು," ಎಂದರು ಆಕೆ. "ನಮ್ಮ ಅಳಿಯ, ನಲವತ್ತು ದಾಟಿದಾನೆ, ಇನ್ನೂ ಆಟ ಬಿಟ್ಟಿಲ್ಲ. ಮೊನ್ನೆ 'ಅತ್ತೆ, ಬನ್ನಿ, ನಿಮ್ಮಪ್ಪನ ಕೋಟು ಬಂದಿದೆ' ಅಂತ ಕರೆದು ತೋರಿಸಿದ. ಅದರಲ್ಲಿ ತಿರುಗಿಸಿ, ಬಿಚ್ಚಿ ಎಲ್ಲಾ ನೋಡಬಹುದಲ್ಲ. ನೋಡಿದೆ. ಎಲ್ಲಾ ತಪ್ಪು."

ಮೇಷ್ಟ್ರ ಮುಖ ಅರಳಿತು. ಇಷ್ಟು ದಿನ ಒಂಟಿಯಾಗಿ ಕಾದಾಡಿದವರಿಗೆ ಒಬ್ಬ ಜೊತೆಗಾರ್ತಿ ಸಿಕ್ಕಿದಂತಾಯಿತು. ಆ ಗೋಡೆಯ ಕಥೆ, ಆ ಕಾಲಕ್ಕೆ ಕಟ್ಟಿಯೇ ಇರದಿದ್ದರೂ ಆಟದಲ್ಲಿ ತಿದ್ದದೆ ಉಳಿದ ಸೇತುವೆಯ ಕಥೆ, ಒಂದಾದ ಮೇಲೊಂದು ಅವರ ಬಾಯಿಂದ ಹೊರಟವು. ಆಕೆ ಕೈಯೆತ್ತಿ ತಡೆದರು.

"ಅದೆಲ್ಲ ನನಗೆ ಗೊತ್ತಿಲ್ಲ. ಗುಂಡಿ ಎಡಗಡೆ ಇರಬೇಕು. ಅವರು ಬಲಗಡೆ ಇಟ್ಟಿದಾರೆ."

"ಇರಲಿ. ಆದರೆ ಅದು ಹಾಗಲ್ಲ, ಡಾಕ್ಟರಮ್ಮ," ಎಂದರು ಮೇಷ್ಟ್ರು, ಮೃದುವಾಗಿ, ಇಂಥ ತಪ್ಪು ಯಾರಿಗಾದರೂ ಆಗಬಹುದೆಂಬ ಔದಾರ್ಯದಿಂದ. "ಗಂಡಸರ ಉಡುಪಿಗೆ ಗುಂಡಿ ಯಾವಾಗಲೂ ಬಲಗಡೆ. ಅದೊಂದನ್ನ ಅವರು ಸರಿ ಮಾಡಿದಾರೆ."

"ಅದು ಗಂಡಸರ ಉಡುಪು ಅಂತ ನಿಮಗೆ ಹೇಳಿದ್ದು ಯಾರು?"

ಆಮೇಲೆ ಆಕೆ ಹೇಳಿದ್ದನ್ನು ನಾನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ, ಯಾಕೆಂದರೆ ಆಕೆ ಅದನ್ನು ಹಲ್ಲು ಕೀಳುವವರ ಚುರುಕಿನಲ್ಲಿ, ಎಲ್ಲೂ ನಿಲ್ಲದೆ ಹೇಳಿದರು. ತಂದೆ ಆ ಕೋಟು ತೊಟ್ಟು ಯುದ್ಧದಿಂದ ಮನೆಗೆ ಬಂದದ್ದು ಹೌದು. ಬಂದವರು ಅದೇ ವರ್ಷ ಎದೆಯ ಕಾಯಿಲೆಯಿಂದ ತೀರಿಕೊಂಡರು. ಕೈಯಲ್ಲಿ ಹಸುಗೂಸು. ತಾಯಿ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಗಡ್ಡೆಗಳನ್ನು ಹೊತ್ತು ಬಂಡಿಗೆ ತುಂಬುವ ಕೆಲಸ. ಮನೆಯಲ್ಲಿದ್ದ ಬೆಚ್ಚನೆಯ ಬಟ್ಟೆಯೆಂದರೆ ಆ ಕೋಟೊಂದೇ. ಗಡ್ಡೆಯನ್ನು ಬಲ ಹೆಗಲ ಮೇಲೆ ಹೊರುವಾಗ ಕರಗಿದ ನೀರು ಎದೆಯ ಮೇಲೆ ಹರಿದು, ಗಂಡಸರ ಕೋಟಿನ ಅಂಚು ಬಲಕ್ಕೆ ಬಾಯಿ ತೆರೆದಿದ್ದರಿಂದ, ನೇರವಾಗಿ ಒಳಗಿಳಿಯುತ್ತಿತ್ತು. ಅದಕ್ಕೇ ತಾಯಿ ಗುಂಡಿಗಳನ್ನೆಲ್ಲ ಕಿತ್ತು ಎಡಕ್ಕೆ ಹೊಲಿದು, ಬಲ ಅಂಚಿನಲ್ಲಿ ಕತ್ತರಿಯಿಂದ ಹೊಸದಾಗಿ ಐದು ಕಾಜ ಕೊರೆದು, ಬಲಭಾಗ ಮೇಲೆ ಬರುವಂತೆ ಮಾಡಿಕೊಂಡರು. ನೀರು ಜಾರಿ ಹೋಗತೊಡಗಿತು. ಒಳಗಡೆ, ಎಡ ಎದೆಗೆ ಒತ್ತಿಕೊಳ್ಳುವಂತೆ, ಹಳೆಯ ಹೂವಿನ ಹೊದಿಕೆಯಿಂದ ಒಂದು ಜೇಬು ಹೊಲಿದರು. ಮಗುವಿನ ಹಾಲಿನ ಬಾಟಲಿ ಆ ಕಾರ್ಖಾನೆಯಲ್ಲಿ ಬೆಚ್ಚಗಿರಲು ಅದಕ್ಕಿಂತ ಬೇರೆ ಜಾಗವಿರಲಿಲ್ಲ.

"ಅಪ್ಪ ಅದನ್ನ ತೊಟ್ಟಿದ್ದು ಒಂದೇ ಒಂದು ಚಳಿಗಾಲ. ಅಮ್ಮ ತೊಟ್ಟಿದ್ದು ನಾನು ಕಾಲೇಜು ಸೇರೋವರೆಗೆ," ಎಂದರು ಆಕೆ. "ಆ ಕಂಪನಿಯವರು ಗಂಡಸಿನ ಕೋಟು ಅಂದ್ಕೊಂಡು ಬದಲಾಯಿಸಿರಬೇಕು. ನೀವು ನಿಜವಾದ ಕೋಟು ತೋರಿಸಿ. ಒಂದು ಫೋಟೋ ತಗೊಂಡು ಹೋಗಿ ಅವರ ಮುಖಕ್ಕೆ ಹಿಡೀತೀನಿ."

ಮೇಷ್ಟ್ರ ಕೈ ಕಾಲರಿನ ಮಡಿಕೆಗೆ ಹೋಗಿ ಸೂಜಿಯನ್ನು ಮುಟ್ಟಿ ಹಿಂದೆ ಬಂತು. ತಪ್ಪನ್ನು ಆಟದವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಅವರಿಗೆ ಆ ಗಳಿಗೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಪೆಟ್ಟಿಗೆಯ ಕೀಲಿಕೈ ಸಿಗುತ್ತಿಲ್ಲ ಎಂದಿದ್ದರೂ ಸಾಕಾಗಿತ್ತು. ಅವರು ಎದ್ದು, ಎಂದಿನಂತೆ ಹೆಗಲೊಂದನ್ನು ಮುಂದೆ ಮಾಡಿ, ಸಾಲುಪೆಟ್ಟಿಗೆಗಳ ನಡುವೆ ನಡೆದರು. ಆಕೆ ಹಿಂದೆ, ನಾನು ಇನ್ನೂ ಹಿಂದೆ. ಅವರು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಪೆಟ್ಟಿಗೆಯ ಮುಂದೆ ನಿಂತು ಆಕೆ ಕನ್ನಡಕ ಸರಿಪಡಿಸಿಕೊಂಡರು. ಕೋಟು ಬೊಂಬೆಯ ಮೈಮೇಲೆ ನೆಟ್ಟಗೆ ನಿಂತಿತ್ತು, ಗುಂಡಿಗಳು ಬಲಕ್ಕೆ, ಕಾಜಗಳು ಎಡಕ್ಕೆ, ಸೈನ್ಯದ ನಿಯಮದಂತೆ.

"ಆಟದವರು ಏನೂ ಬದಲಾಯಿಸಲಿಲ್ಲ," ಎಂದರು ಮೇಷ್ಟ್ರು. "ನಾನು ಬದಲಾಯಿಸಿದ್ದು."

ಅವರು ಆಗ ಕೆಲಸಕ್ಕೆ ಹೊಸಬರು. ವಯಸ್ಸಾದ ಹೆಂಗಸೊಬ್ಬರು ಕೋಟನ್ನು ಒಗೆದು, ಮಡಿಸಿ, ಪೇಪರಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಇವರು ಬಿಚ್ಚಿ ನೋಡಿದರೆ ಗುಂಡಿ ಅದಲು ಬದಲು, ಬಲ ಅಂಚಿನಲ್ಲಿ ಯಾರೋ ಒರಟಾಗಿ ಕೊರೆದ ಕಾಜ, ಒಳಗೊಂದು ಹೂವಿನ ಜೇಬು. ಇತಿಹಾಸವನ್ನು ಹಾಳು ಮಾಡಿದ್ದಾರೆಂದು ಸಿಡಿಮಿಡಿಗೊಂಡರು. ಕೊಟ್ಟವರನ್ನು ಒಂದು ಮಾತು ಕೇಳಲಿಲ್ಲ. ಗುಂಡಿಗಳನ್ನು ಸ್ವಸ್ಥಾನಕ್ಕೆ ತಂದರು, ಕಾಜಗಳನ್ನು ಅದೇ ಉಣ್ಣೆಯ ನೂಲಿನಿಂದ ರಫು ಮಾಡಿ ಕಣ್ಣಿಗೆ ಕಾಣದಂತೆ ಮುಚ್ಚಿದರು, ಜೇಬನ್ನು ಬಿಚ್ಚಿ ತೆಗೆದರು. ಆ ರಫು ನೋಡಿ ಅವರ ಹಿರಿಯ ಅಧಿಕಾರಿ ಬೆನ್ನು ತಟ್ಟಿದ್ದರಂತೆ. ಮುಂದಿನ ಬದುಕಿನಲ್ಲಿ ಅವರು ಏನೇನನ್ನು ತಿದ್ದಿದರೋ ಅದಕ್ಕೆಲ್ಲ ಧೈರ್ಯ ಬಂದದ್ದು ಆ ಬೆನ್ನು ತಟ್ಟುವಿಕೆಯಿಂದ.

"ಜೇಬು ಎಲ್ಲಿ?" ಎಂದು ಆಕೆ ಕೇಳಿದರು.

ಮೇಷ್ಟ್ರು ಗಾಜಿನ ಮೇಲೆ ಕೈಯಿಟ್ಟರು. "ಗಾಜು ಒರೆಸೋಕೆ ಕೊಟ್ಟೆ. ಹರಿದುಹೋಗೋವರೆಗೂ ಒರೆಸಿದ್ರು. ಇದನ್ನೂ ಅದರಲ್ಲೇ ಒರೆಸಿದ್ದು."

ಆಕೆ ಕೂಗಾಡಬಹುದೆಂದು ನಾನು ಕಾದೆ. ಕೂಗಾಡಿದ್ದರೆ ನಮ್ಮಿಬ್ಬರಿಗೂ ಎಷ್ಟೋ ಹಗುರವಾಗುತ್ತಿತ್ತು. ಆಕೆ ಕೋಟನ್ನೇ ನೋಡುತ್ತ, ನಮಗಲ್ಲ, ತಮಗೇ ಹೇಳಿಕೊಳ್ಳುವಂತೆ, "ಅಮ್ಮ ಒಂದು ಸಲ ಇದನ್ನ ನೋಡೋಕೆ ಬಂದಿದ್ರು," ಎಂದರು. "ಮನೆಗೆ ಬಂದು, 'ಅಲ್ಲಿ ಬೇರೆ ಯಾರದೋ ಕೋಟು ಇಟ್ಟಿದಾರೆ ಕಣೇ' ಅಂದ್ರು. ನಾನು ಬೈದೆ. ನಿನಗೆ ವಯಸ್ಸಾಯ್ತು, ಕಣ್ಣು ಮಂಜಾಗಿದೆ, ಮರೆವು ಅಂದೆ. ಎರಡು ಮೂರು ಸಲ ಹೇಳಿದ್ರು. ಆಮೇಲೆ ಹೇಳೋದು ಬಿಟ್ರು. ಸಾಯೋವರೆಗೂ ಆ ಮಾತು ಎತ್ತಲಿಲ್ಲ."

ಆ ಭೇಟಿ ಮೇಷ್ಟ್ರಿಗೂ ನೆನಪಿತ್ತು. ಅದೇ ಅವರನ್ನು ಮುರಿದದ್ದು. ಆ ತಾಯಿ ಗಾಜಿನ ಮುಂದೆ ನಿಂತು, ಏನೂ ಹೇಳದೆ, ತಲೆ ತಗ್ಗಿಸಿ ಹೊರಟುಹೋದದ್ದನ್ನು ಅವರು ಬಾಗಿಲ ಬಳಿಯಿಂದ ನೋಡಿದ್ದರು. ಗಂಡನ ನೆನಪಾಗಿರಬೇಕು ಎಂದುಕೊಂಡಿದ್ದರು. ಎಷ್ಟೋ ಭಾಷಣಗಳಲ್ಲಿ ಆ ದೃಶ್ಯವನ್ನು ವರ್ಣಿಸಿ, ವಸ್ತುಗಳನ್ನು ನಿಖರವಾಗಿ ಉಳಿಸಿಕೊಟ್ಟರೆ ಜನರಿಗೆ ಹೀಗೆ ಮಾತು ಹೊರಡುವುದಿಲ್ಲ ಎಂದು ಉದಾಹರಣೆ ಕೊಟ್ಟಿದ್ದರು. ನಾನೇ ಎರಡು ಸಲ ಕೇಳಿ ಚಪ್ಪಾಳೆ ತಟ್ಟಿದ್ದೇನೆ.

ಹೋಗುವ ಮುಂಚೆ ಆಕೆ ಕೇಳಿದ್ದು ಒಂದೇ. "ಅಮ್ಮ ಹೇಳಿದ್ದು ಸರಿ ಅಂತ ಯಾರಾದ್ರೂ ಹೇಳಬೇಕು. ನಾನು ಹೇಳಿದ್ರೆ ಮಗಳು ಹೇಳಿದ ಹಾಗಾಗತ್ತೆ. ಗೊತ್ತಿರೋರು ನೀವೊಬ್ಬರೇ."

ಮರುದಿನವೇ ಮೇಷ್ಟ್ರು ಮೂರನೆಯ ಮಹಡಿ ಹತ್ತಿದರು. ಅಳಿಸಿದ ಗೆರೆಗಳನ್ನು, ಆ ಮಾಸದ ಚೌಕವನ್ನು ಮತ್ತೆ ಹಾಕಿರೆಂದು ಕೇಳಿದರು. ಯಾವತ್ತೂ ಕೇಳಿಕೊಂಡು ಗೊತ್ತಿಲ್ಲದ ಮನುಷ್ಯ; ಅಪ್ಪಣೆ ಕೊಟ್ಟೇ ಅಭ್ಯಾಸ. ಮುಖ್ಯಸ್ಥೆ ಪೆನ್ಸಿಲ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಕೆಯ ಮುಖವೂ ಸಣ್ಣದಾಯಿತು.

"ಸರ್, ಗೆರೆ ಹಾಕೋದು ದೊಡ್ಡ ಕೆಲಸ ಅಲ್ಲ. ಆದರೆ ಯುದ್ಧ ನಡೀತಿರುವಾಗ ಆ ಗೆರೆ ಇರಲಿಲ್ಲವಲ್ಲ. ಅವರು ಕಾಜ ಕೊರೆದಿದ್ದು ಆಮೇಲೆ. ಈಗ ಹಾಕಿದ್ರೆ ಅದೇ ತಪ್ಪಾಗತ್ತೆ. ನೀವೇ ಕಲಿಸಿದ್ದಲ್ವಾ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಮೇಷ್ಟ್ರು ಪರದೆಯ ಕಡೆ ನೋಡುತ್ತ ಕೂತರು. ಅಲ್ಲಿ ಸಾವಿರಾರು ಸೈನಿಕರು ತಿದ್ದಿದ ಕೋಟು ತೊಟ್ಟು ಹೊಳೆ ದಾಟುತ್ತಿದ್ದರು, ಚಂದ್ರನಿಲ್ಲದ ಆಕಾಶದ ಕೆಳಗೆ, ಬಕಲ್ ಬಿಗಿದ ಬೂಟುಗಳಲ್ಲಿ. "ಕಾಳಗ ಮುಗಿದ ಮೇಲೆ ಏನಾಗತ್ತೆ ಇದರಲ್ಲಿ?" ಎಂದು ಕೇಳಿದರು.

"ಪರದೆ ಕಪ್ಪಾಗತ್ತೆ ಸರ್. ಹೆಸರುಗಳು ಬರ್ತವೆ. ಅಷ್ಟೇ."

"ಅದೇ ತಪ್ಪು," ಎಂದರಂತೆ ಮೇಷ್ಟ್ರು. "ಗೋಡೆ, ಸೇತುವೆ ಎಲ್ಲಾ ಬಿಡಿ. ಅಲ್ಲಿಗೆ ಮುಗೀತು ಅಂತ ತೋರಿಸ್ತೀರಲ್ಲ, ಅದು ಹಾಗಲ್ಲ." ಆ ಸಲ ಮುಂದೆ "ಇರಲಿ" ಇರಲಿಲ್ಲ. ಮುಖ್ಯಸ್ಥೆ ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟಳು. ಆಟ ಇದ್ದಂತೆಯೇ ಉಳಿಯಿತು. ಈಗಲೂ ಅಲ್ಲಿ ಕೋಟಿನ ಗುಂಡಿ ಬಲಕ್ಕಿದೆ, ಬಲ ಅಂಚು ನುಣುಪಾಗಿದೆ.

ಉಳಿದದ್ದು ನಿಜವಾದ ಕೋಟು. ಮೇಷ್ಟ್ರು ಅದನ್ನು ಬೊಂಬೆಯ ಮೈಯಿಂದ ಇಳಿಸಿ, ದಂತವೈದ್ಯೆಯನ್ನು ಕರೆಸಿ, ಗುಂಡಿಗಳನ್ನು ಮತ್ತೆ ಎಡಕ್ಕೆ ಹೊಲಿಯುವೆನೆಂದೂ ಹೂವಿನ ಬಟ್ಟೆ ಹುಡುಕಿ ಹಾಗೆಯೇ ಒಂದು ಜೇಬು ಮಾಡಿಡುವೆನೆಂದೂ ಹೇಳಿದರು. ಸೂಜಿಗೆ ದಾರ ಪೋಣಿಸಿಯೂ ಆಗಿತ್ತು. ಆಕೆ ಅವರ ಕೈ ಹಿಡಿದರು.

"ಬೇಡ. ನೀವು ಹೊಲಿದ್ರೆ ಅದು ಮತ್ತೆ ನಿಮ್ಮ ಕೋಟೇ ಆಗತ್ತೆ. ನೀವು ಹಾಕಿದ್ದನ್ನ ತೆಗೀರಿ, ಸಾಕು."

ಅವರು ತೆಗೆದರು. ನಾನು ಎದುರಿಗೆ ಕೂತಿದ್ದೆ. ಬದುಕಿನ ಅತ್ಯುತ್ತಮ ಕೆಲಸವೆಂದು ತಾವೇ ಹೇಳಿಕೊಂಡಿದ್ದ ಆ ರಫುವನ್ನು ಸೂಜಿಯ ಮೊನೆಯಿಂದ ನೂಲು ನೂಲಾಗಿ ಎಬ್ಬಿಸಿ, ಒಂದೊಂದೇ ಕಾಜದ ಬಾಯಿ ಬಿಡಿಸಿದರು. ಅಷ್ಟು ಚೆನ್ನಾಗಿ ಮುಚ್ಚಿದ್ದರಿಂದ ಬಿಚ್ಚುವುದೂ ಅಷ್ಟೇ ಕಷ್ಟವಾಯಿತು. ಐದೂ ತೆರೆದಾಗ ಕತ್ತರಿಯ ಒರಟು ಅಂಚು, ಆ ಅಂಚಿನ ಸುತ್ತ ಆತುರಗಾರ್ತಿ ತಾಯಿಯ ಕೈಹೊಲಿಗೆಯ ಒಂದೆರಡು ಎಳೆ, ಇಷ್ಟು ಕಾಲ ರಫುವಿನ ಅಡಿಯಲ್ಲಿ ಉಳಿದುಕೊಂಡಿದ್ದು, ಹೊರಬಂದವು. ದಂತವೈದ್ಯೆ ಆ ಎಳೆಯನ್ನು ಬೆರಳ ತುದಿಯಿಂದ ಮುಟ್ಟಿ ಮುಖ ತಿರುಗಿಸಿಕೊಂಡರು. ಆಮೇಲೆ ಮೇಷ್ಟ್ರು ಗುಂಡಿಗಳನ್ನೂ ಬಿಡಿಸಿದರು. ಎಡಕ್ಕೂ ಹೊಲಿಯಲಿಲ್ಲ, ಬಲಕ್ಕೂ ಹೊಲಿಯಲಿಲ್ಲ.

ಈಗ ಆ ಕೋಟು ಎರಡೂ ಕಡೆ ತೆರೆದುಕೊಂಡು, ಒಳಗಿನ ಮಾಸದ ಚೌಕ ಕಾಣುವಂತೆ ಹರಡಿದೆ. ಗುಂಡಿಗಳು ಪಕ್ಕದ ಬಟ್ಟಲಿನಲ್ಲಿವೆ. ನಿರ್ದೇಶಕರು, ಸಂಗ್ರಹಾಲಯದ ತಪ್ಪನ್ನು ನಾವೇ ಡಂಗುರ ಸಾರುವುದೇ ಎಂದು ತಕರಾರು ತೆಗೆದರಾದರೂ ಮೇಷ್ಟ್ರ ಹಟದ ಮುಂದೆ ಅವರ ಆಟ ನಡೆಯಲಿಲ್ಲ. ಅಡಿಯಲ್ಲಿರುವ ಫಲಕವನ್ನು ಮೇಷ್ಟ್ರೇ ಬರೆದರು. ಯುದ್ಧದ ಹೆಸರಿಲ್ಲ, ದಳದ ಹೆಸರಿಲ್ಲ. "ಈ ಕೋಟನ್ನು ಐಸ್ ಕಾರ್ಖಾನೆಯಲ್ಲಿ ತೊಟ್ಟ ತಾಯಿ ಒಮ್ಮೆ ಇಲ್ಲಿಗೆ ಬಂದು ನೋಡಿ, ಮನೆಗೆ ಹೋಗಿ, ಅದು ಬೇರೆ ಯಾರದೋ ಕೋಟು ಎಂದರು. ಅವರು ಹೇಳಿದ್ದು ಸರಿ." ಅಷ್ಟೇ. ಆಟ ಆಡಿ ಬಂದ ಯುವಕರು ಆ ಪೆಟ್ಟಿಗೆಯ ಮುಂದೆ ನಿಂತು, ಸಂಗ್ರಹಾಲಯದವರು ಕೋಟನ್ನು ತಪ್ಪಾಗಿ ಇಟ್ಟಿದ್ದಾರೆಂದು ದೂರು ಹೇಳುತ್ತಿದ್ದರು. ಮೇಷ್ಟ್ರು ಅವರನ್ನು ತಿದ್ದುತ್ತಿರಲಿಲ್ಲ. ಫಲಕದ ಕಡೆ ಕೈ ತೋರಿಸುತ್ತಿದ್ದರು.

ನಿವೃತ್ತರಾದ ಮೇಲೆ ಒಮ್ಮೆ ಬಸ್ಸಿನಲ್ಲಿ ಸಿಕ್ಕಿದರು. ಅದೇ ಕಪ್ಪು ಕೋಟು ತೊಟ್ಟಿದ್ದೆ. ಅವರ ಕಣ್ಣು ಎಂದಿನಂತೆ ಮೆಟ್ಟಿಲಿಳಿದು ಮೂರನೆಯ ಗುಂಡಿಯ ಬಳಿ ನಿಂತಿತು. "ಇಲ್ಲಿ ಒಂದು ಹಸಿರು ಗುಂಡಿ ಇತ್ತಲ್ಲ. ಅದನ್ನ ಹೊಲಿದವರು ಯಾರು?" ಎಂದು ಕೇಳಿದರು. ಅಕ್ಕ ಎಂದೆ. ಹಸಿರೇ ಯಾಕೆ ಎಂದರು. ನನಗೆ ಗೊತ್ತಿರಲಿಲ್ಲ. ಹೋಗಿ ಕೇಳೋಣವೆಂದರೆ ಅಕ್ಕ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ತಿದ್ದುವವರು ಕೆಟ್ಟವರಲ್ಲ. ಅವರಿಲ್ಲದಿದ್ದರೆ ಹುಣ್ಣಿಮೆ ಅಮಾವಾಸ್ಯೆಗಳಿಗೆ ವ್ಯತ್ಯಾಸವಿರದು, ಯಾರ ಬಂದೂಕು ಯಾರ ಕೈಗೋ ಹೋಗಿರುತ್ತದೆ, ಸತ್ತವರ ಹೆಸರಿನಲ್ಲಿ ಬದುಕಿರುವವರು ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಆದರೆ ಸರಿ ಯಾವುದೆಂದು ಬಲ್ಲ ಮನುಷ್ಯನಿಗೆ, ಕಣ್ಣೆದುರಿನ ತಪ್ಪು ಯಾರದೋ ಚಳಿಗೆ, ಯಾರದೋ ಹಸಿವಿಗೆ ಒದಗಿದ್ದಿರಬಹುದೆಂಬ ಅನುಮಾನವೇ ಬರುವುದಿಲ್ಲ. ಅವನ ಕೈ ಅಷ್ಟು ಚುರುಕು, ನಾಲಿಗೆ ಅಷ್ಟು ನಿಧಾನ. ಇದನ್ನು ಹೀಗೇಕೆ ಮಾಡಿದಿರಿ ಎಂಬ ಒಂದು ಪ್ರಶ್ನೆ ಅವನ ಬಾಯಿಗೆ ಬರುವ ಹೊತ್ತಿಗೆ, ಉತ್ತರ ಹೇಳಬೇಕಾದವರು ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತು, ತಲೆ ತಗ್ಗಿಸಿ ಮನೆಗೆ ಹೋಗಿರುತ್ತಾರೆ.